ಎರಡನೆಯ ನಾಲಿಗೆ

ಈ ಸಲ ನನ್ನನ್ನು ಜೊತೆಗೆ ಕರೆಯಬೇಡಿ ಎಂದು ಬೀದಿಯವರಿಗೆಲ್ಲ ನಾನು ಮೊದಲೇ ಹೇಳಿಬಿಟ್ಟಿದ್ದೆ. ಕಿವಿ ಮಂದವಾಗಿದೆ, ಮಂಡಿ ಹಿಡಿದುಕೊಳ್ಳುತ್ತದೆ, ಬಿ.ಪಿ. ಬೇರೆ ಅಂಟಿಕೊಂಡಿದೆ. ಈ ಹಿಟ್ಟಿನ ಗಿರಣಿಯನ್ನು ನಡೆಸಿಕೊಂಡು ಹೋಗುವುದೇ ಸಾಕುಸಾಕಾಗಿರುವಾಗ, ಕಂಡವರ ಮಕ್ಕಳ ಪಕ್ಕದಲ್ಲಿ ದಿನವೂ ಹೋಗಿ ಕೂರುವ ತ್ರಾಣ ನನ್ನಲ್ಲಿ ಎಲ್ಲಿ ಉಳಿದಿದೆ? "ಆಯ್ತು ಬಿಡಿ ಚಂಪಕ್ಕ, ನಿಮಗೂ ವಯಸ್ಸಾಯ್ತಲ್ಲ" ಎಂದು ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮ ಬೀದಿಯವರನ್ನು ಮೀರಿಸುವವರಿಲ್ಲ. ಯಾರದಾದರೂ ಮಗನೋ ಮಗಳೋ ಸಪ್ಪೆ ಬಡಿಸಿದ ಕೂಡಲೇ ಗಿರಣಿಯ ಮುಂದೆ ಬಂದು ನಿಲ್ಲುವವರೂ ಇವರೇ.

ನಮ್ಮೂರಿನಲ್ಲಿ ಹದಿನೆಂಟು ತುಂಬಿದವರೆಲ್ಲ ಸರದಿಯ ಮೇಲೆ ಬೀದಿ ಊಟದಲ್ಲಿ ಸಾರು ಬಡಿಸಬೇಕು. ಹುಣ್ಣಿಮೆಗೊಂದು ಊಟ, ಅಮಾವಾಸ್ಯೆಗೊಂದು ಊಟ. ಚಾಪೆ ಹಾಸಿ, ಎಲೆ ಹಾಕಿ, ಬೀದಿಯವರೆಲ್ಲ ಸಾಲಾಗಿ ಕೂರುತ್ತೇವೆ. ಸಾರನ್ನು ಯಾರು ಮಾಡಿದರೂ ಸರಿಯೇ, ಬಡಿಸುವ ಕೈ ಮಾತ್ರ ಸರದಿಯವರದೇ ಆಗಿರಬೇಕು. ಒಳಗೊಳಗೇ ಕುಸಿಯುತ್ತಿರುವ ಹುಡುಗ ಹುಡುಗಿಯರ ಕೈಯಿಂದ ಎಲೆಗೆ ಬಿದ್ದದ್ದರಲ್ಲಿ ಉಪ್ಪು ನಿಲ್ಲುವುದಿಲ್ಲ. ಹಿಡಿ ಉಪ್ಪು ಸುರಿದಿದ್ದರೂ ಅಷ್ಟೇ, ನಾಲಿಗೆಯ ಮೇಲೆ ಬರೀ ಬಿಸಿನೀರು. ಉಂಡವರು ಆಗ ಮುಚ್ಚುಮರೆಯಿಲ್ಲದೆ "ಉಪ್ಪು ಸಾಲದು" ಎನ್ನಬೇಕು. ಒಬ್ಬರ ನಾಲಿಗೆ ನಂಬಿ ಏನೂ ಮಾಡುವಂತಿಲ್ಲ, ಇಬ್ಬರು ಹೇಳಬೇಕು. ಮೊದಲನೆಯವರು ಹೇಳಿದ್ದು ಹಾಗೇ ನಿಂತಿರುತ್ತದೆ. ಎರಡನೆಯವರು ಅದೇ ಊಟದಲ್ಲಿ ಹೇಳಿದರೂ ಸರಿ, ಅದೇ ಕೈ ಬಡಿಸಿದ ಇನ್ನೊಂದು ಊಟದಲ್ಲಿ ಹೇಳಿದರೂ ಸರಿ.

ಎರಡು ನಾಲಿಗೆ ಕೂಡಿದ ಮಾರನೆಯ ದಿನದಿಂದ ಬೀದಿಯ ಒಬ್ಬರು ಆ ಮಗುವಿಗೆ ಜೊತೆ. ಜೊತೆಯವರು ಮಾಡುವ ಘನಂದಾರಿ ಕೆಲಸವೇನೂ ಇಲ್ಲ. ದಿನಾ ಹೋಗಬೇಕು, ಪಕ್ಕದಲ್ಲಿ ಕೂರಬೇಕು, ಅವರು ಎದ್ದು ನಡೆದರೆ ನಾವೂ ನಡೆಯಬೇಕು, ವಾರದೊಳಗೆ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಬೇಕು. ಕೈಗೆ ಉಪ್ಪು ಮರಳುವವರೆಗೆ ಬಿಡಬಾರದು. ಡಾಕ್ಟರಮ್ಮ ಬಾಯಿ ಜೋರಿನವರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಂಗೆ ಮಾಡ್ಬೇಡಿ ಚಂಪಕ್ಕ. ಸಪ್ಪೆ ಅಂತ ಗೊತ್ತಾದ ವಾರದಲ್ಲೇ ಕರ್ಕೊಂಡು ಬಂದ್ರೆ ಅರ್ಧ ಕೆಲಸ ಮಾತಲ್ಲೇ ಮುಗಿಯತ್ತೆ. ವರ್ಷಗಟ್ಟಲೆ ಮುಚ್ಚಿಟ್ಟು ಆಮೇಲೆ ಎತ್ಕೊಂಡು ಬಂದು ಡಾಕ್ಟ್ರೇ ಡಾಕ್ಟ್ರೇ ಅಂದ್ರೆ ನಾನೇನು ದೇವ್ರಾ?" ಎಂದು ನನ್ನನ್ನೇ ಗದರಿಸುತ್ತಾರೆ, ಮುಚ್ಚಿಟ್ಟವಳು ನಾನೇ ಎನ್ನುವ ಹಾಗೆ.

ನಾನು ಎಷ್ಟು ಮಕ್ಕಳಿಗೆ ಜೊತೆಯಾಗಿದ್ದೇನೋ ಲೆಕ್ಕ ಇಟ್ಟಿಲ್ಲ. ಗಿರಣಿಯಲ್ಲಿ ಗೋಡೆಗೆ ಒರಗಿಸಿದ ಒಂದು ಬೆಂಚಿದೆ, ಅದರ ಮೇಲೆ ಕೂರಿಸಿಕೊಳ್ಳುತ್ತೇನೆ. ಮಿಷನ್ ಸದ್ದಿನಲ್ಲಿ ಮಾತಾಡಲೇಬೇಕೆಂಬ ಕಟ್ಟುಪಾಡಿಲ್ಲ, ಅದೇ ಅವರಿಗೆ ಹಿತ. ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತು ಎಲ್ಲರೂ ಮುದುಕರಾಗಿ ಕಾಣುತ್ತೇವೆ. ವಾಸಿಯಾದ ಮೇಲೆ ಮಾತ್ರ ಅವರು ನನ್ನ ಕಡೆ ತಿರುಗಿ ನೋಡುವುದಿಲ್ಲ. ರಸ್ತೆಯಲ್ಲಿ ಎದುರಾದರೆ ಆ ಬದಿಗೆ ದಾಟಿಬಿಡುತ್ತಾರೆ. ಮದುವೆಗೆ ಊರಿಗೆಲ್ಲ ಹೇಳಿಕೆಯಾದರೂ ನನಗಾಗುವುದಿಲ್ಲ. ಚಂಪಕ್ಕ ಬಂದು ಕೂತಳೆಂದರೆ ಹುಡುಗಿ ಒಂದು ಕಾಲಕ್ಕೆ ಸಪ್ಪೆಯಾಗಿದ್ದಳು ಎಂದು ಬೀಗರಿಗೆ ಡಂಗುರ ಸಾರಿದಂತಲ್ಲವೇ? ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ಅವರು ಚೆನ್ನಾಗಿದ್ದರೆ ಸಾಕು ಎಂದು ಬಾಯಲ್ಲಿ ಹೇಳುತ್ತೇನೆ, ಹೊಟ್ಟೆಯೊಳಗೆ ಬೇಜಾರಾಗುತ್ತದೆ. ಸುಳ್ಳು ಯಾಕೆ ಹೇಳಲಿ?

ಅದಕ್ಕೇ ಈ ಸಲ ಬೇಡ ಎಂದದ್ದು. ಆದರೆ ಆ ಅಮಾವಾಸ್ಯೆಯ ಸರದಿ ನಮ್ಮ ಎದುರು ಮನೆಯ ವಾಗೀಶನದಾಗಿತ್ತು.

ವಾಗೀಶನ ತಾಯಿ ಅಂಬುಜಾಕ್ಷಿ. ಗಂಡ ತೀರಿಕೊಂಡ ಮೇಲೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಮಾಡಿ ಮಾರಿ ಎರಡು ಮಕ್ಕಳನ್ನು ಬೆಳೆಸಿದವಳು. ದೊಡ್ಡವಳು ತುಂಗಾ, ಶಾಲೆಯಲ್ಲಿ ಟೀಚರು. ಅವಳಿಗೆ ಪಕ್ಕದ ಪೇಟೆಯಿಂದ ಒಂದು ಒಳ್ಳೆಯ ಸಂಬಂಧ ಬಂದು ಮಾತು ನಡೆಯುತ್ತಿತ್ತು. ಚಿಕ್ಕವನು ವಾಗೀಶ, ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಗೋಧಿ ತಂದಾಗಲೆಲ್ಲ "ಚಂಪಕ್ಕ, ಗಿರಣಿ ಬಾಯಿ ದೊಡ್ಡದೋ ನಿಮ್ಮದೋ?" ಎಂದು ರೇಗಿಸಿ ನನ್ನ ಕೈಯಲ್ಲಿ ಬೈಸಿಕೊಂಡೇ ಹೋಗುತ್ತಿದ್ದ ತರಲೆ. ಕೆಲವು ತಿಂಗಳುಗಳಿಂದ ಡಬ್ಬ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ದೊಡ್ಡವನಾದ, ಬುದ್ಧಿ ಬಂತು ಎಂದುಕೊಂಡಿದ್ದೆ.

ಆ ದಿನ ಎಲೆಗೆ ಮೊದಲು ಬಂದದ್ದು ಅಂಬುಜಾಕ್ಷಿ. ಎಲೆಯ ತುದಿಗೆ ನಿಂಬೆ ಉಪ್ಪಿನಕಾಯಿ, ಅದರ ಪಕ್ಕ ಮಾವಿನ ಮಿಡಿ, ಮೇಲೊಂದು ಬಾಳಕ, ಮತ್ತೊಂದು ಹಪ್ಪಳ. "ತಿನ್ನಿ ತಿನ್ನಿ, ಹೊಸ ಮಿಡಿ, ಹೇಗಿದೆ ಹೇಳಿ" ಎಂದು ಒಬ್ಬೊಬ್ಬರ ಮುಂದೂ ನಿಂತು ಒತ್ತಾಯ ಮಾಡಿ ಬಾಯಿಗಿಡಿಸಿದಳು. ಅಂಬುಜಾಕ್ಷಿಯ ಮಿಡಿ ಉಪ್ಪಿನಕಾಯಿಯೆಂದರೆ ನಮ್ಮವರು ಜೀವ ಬಿಡುತ್ತಾರೆ. ಎಲ್ಲರ ಬಾಯೂ ಉಪ್ಪು ಖಾರದಲ್ಲಿ ಚುರುಗುಡುತ್ತಿರುವಾಗ ಹಿಂದಿನಿಂದ ವಾಗೀಶ ಸಾರಿನ ಬಕೀಟು ಹಿಡಿದು ಬಂದ. ಸುರಿದುಕೊಂಡು ಉಂಡರು, ಚೆನ್ನಾಗಿದೆ ಚೆನ್ನಾಗಿದೆ ಎಂದರು.

ನನಗೆ ಬಿ.ಪಿ., ಉಪ್ಪಿನಕಾಯಿ ಮುಟ್ಟುವಂತಿಲ್ಲ. ಎಲೆಯಲ್ಲಿದ್ದುದನ್ನೆಲ್ಲ ಬದಿಗೆ ಸರಿಸಿ ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟೆ. ಹುಣಸೆಯ ಹುಳಿಯಿತ್ತು, ಮೆಣಸಿನ ಖಾರವಿತ್ತು, ಉಪ್ಪು ಎಳ್ಳಷ್ಟೂ ಇರಲಿಲ್ಲ. ಇನ್ನೊಂದು ತುತ್ತು ಇಟ್ಟು ನೋಡಿದೆ. ಅಯ್ಯೋ ನನ್ನ ಕರ್ಮವೇ ಎಂದುಕೊಂಡೆ. ಬಾಯಿ ಮುಚ್ಚಿಕೊಂಡು ಉಂಡು ಎದ್ದರೆ ಯಾರಿಗೆ ತಿಳಿಯುತ್ತಿತ್ತು? ಆದರೆ ತಲೆಯೆತ್ತಿದಾಗ ವಾಗೀಶ ಸೌಟು ಹಿಡಿದು ನನ್ನ ಮುಂದೆಯೇ ನಿಂತಿದ್ದ, ಮುಂದಿನ ಎಲೆಗೆ ಹೋಗಿರಲಿಲ್ಲ.

"ಉಪ್ಪು ಸಾಲದು" ಎಂದೆ.

ಅಂಬುಜಾಕ್ಷಿ ಉಪ್ಪಿನಕಾಯಿ ಬಟ್ಟಲು ಹಿಡಿದೇ ಓಡಿ ಬಂದಳು. "ಏನ್ ಚಂಪಕ್ಕ ನೀವು! ಮನೇಲಿ ದಿನಾ ಸಪ್ಪೆ ತಿಂದೂ ತಿಂದೂ ನಿಮ್ಮ ನಾಲಿಗೆ ಕೆಟ್ಟುಹೋಗಿದೆ. ಇಷ್ಟು ಜನ ಉಣ್ತಿದಾರೆ, ಯಾರಿಗೂ ಇಲ್ದಿದ್ದು ನಿಮಗೊಬ್ರಿಗೇ ಬಂತಾ? ಕೇಳಿ ಬೇಕಾದ್ರೆ!"

"ಸಪ್ಪೆ ತಿನ್ನೋಳಿಗೇ ಕಣೇ ಸಪ್ಪೆ ಯಾವುದು ಅಂತ ಗೊತ್ತಾಗೋದು" ಎಂದೆ. ಒಂದಿಬ್ಬರು ನಕ್ಕರು. ಮಿಕ್ಕವರು ಎಲೆ ನೋಡಿಕೊಂಡರು. ಯಾರೋ "ನಮಗೇನೋ ಸರಿಯಾಗೇ ಇದೆಯಪ್ಪ" ಎಂದರು. ಅವರು ಹೇಳಿದ್ದೂ ಸುಳ್ಳಲ್ಲ, ಬಾಯಿ ತುಂಬ ಮಿಡಿಯಿದ್ದವರಿಗೆ ನೀರು ಕುಡಿಸಿದರೂ ಉಪ್ಪಾಗಿಯೇ ಇರುತ್ತದೆ. ಎರಡನೆಯ ನಾಲಿಗೆ ಏಳಲಿಲ್ಲ. ವಾಗೀಶನ ಮುಂದಿನ ಸರದಿಗೆ ಇನ್ನು ಆರೇಳು ತಿಂಗಳಾದರೂ ಬೇಕು. ಅವನು ಮುಂದಿನ ಎಲೆಗೆ ಹೋದ.

ನಾನು ಮನೆಗೆ ಬಂದು ಕಾಲು ಚಾಚಿ ಕೂತೆ. ಹೇಳುವುದನ್ನು ಹೇಳಿಯಾಯಿತು, ಇನ್ನು ಅವರುಂಟು ಅವರ ಉಪ್ಪಿನಕಾಯಿಯುಂಟು. ಒಂದು ಕಡೆಯಿಂದ ಸಮಾಧಾನವೂ ಆಗಿತ್ತು, ಯಾರೂ ಬಂದು ಜೊತೆಗೆ ಕರೆಯುವುದಿಲ್ಲವಲ್ಲ ಎಂದು.

ಎರಡು ದಿನ ಬಿಟ್ಟು ಬೆಳಿಗ್ಗೆ ವಾಗೀಶ ಡಬ್ಬ ಹಿಡಿದುಕೊಂಡು ಗಿರಣಿಗೆ ಬಂದ. "ಗೋಧಿ" ಎಂದು ಮುಂದಿಟ್ಟ. ಮುಚ್ಚಳ ತೆಗೆದು ಮಿಷನ್ನಿಗೆ ಸುರಿಯಲು ಹೋದವಳು ಕೈ ತಡೆದೆ. ಡಬ್ಬದ ತುಂಬ ಹಿಟ್ಟಿತ್ತು.

"ಇದು ಹಿಟ್ಟು ಕಣೋ. ಮೊನ್ನೆ ತಾನೇ ನಾನೇ ಬೀಸಿಕೊಟ್ಟಿದ್ದು."

ಅವನು ಡಬ್ಬದೊಳಗೆ ಬಗ್ಗಿ ನೋಡಿದ. ನಗಲೂ ಇಲ್ಲ, ನಾಚಿಕೊಳ್ಳಲೂ ಇಲ್ಲ. "ಹೌದಲ್ವಾ" ಎಂದು ಬೆಂಚಿನ ಮೇಲೆ ಹೋಗಿ ಕೂತ. ನಾನು ಬೇರೆಯವರ ರಾಗಿ ಹಾಕಿ ಮಿಷನ್ ಚಾಲೂ ಮಾಡಿದೆ. ರಾಗಿ ಮುಗಿದು, ಒಬ್ಬರ ಮೆಣಸಿನಕಾಯಿ ಮುಗಿದು, ಇಬ್ಬರೂ ಸೀನಿ ಸೀನಿ ಕಣ್ಣಲ್ಲಿ ನೀರು ಬಂದ ಮೇಲೆ ಬೆಲ್ಟ್ ನಿಲ್ಲಿಸಿದೆ.

"ಮೊನ್ನೆ ನೀವೊಬ್ರೇ ಹೇಳಿದ್ದು" ಎಂದ.

"ಯಾವಾಗಿಂದ?"

"ಯುಗಾದಿಗೂ ಮುಂಚೆಯಿಂದ. ನಾನೇ ಉಪ್ಪಿಟ್ಟು ಮಾಡ್ಕೊಂಡು ಹಾಕ್ಕೊಂಡು ತಿಂದೆ, ಸಪ್ಪೆ ಇತ್ತು. ಮರೆತಿರ್ಬೇಕು ಅಂತ ಇನ್ನಷ್ಟು ಉಪ್ಪು ಉದುರಿಸಿದೆ. ಆಮೇಲೆ ಗೊತ್ತಾಯ್ತು." ಬೆಂಚಿನ ಮೇಲೆ ಕೂತ ಹಿಟ್ಟಿನಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದ. "ಅಂಗಡಿಗೆ ಚುರುಮುರಿ ಕಟ್ಟಿಸ್ಕೊಂಡು ಹೋಗಿ ನಾನೇ ಕಲಸಿ ಎಲ್ರಿಗೂ ಕೊಟ್ಟೆ ಚಂಪಕ್ಕ. ಯಾರಾದ್ರೂ ಹೇಳ್ತಾರೇನೋ ಅಂತ. ಎಲ್ರೂ ಚೆನ್ನಾಗಿದೆ ಅಂದ್ರು. ಓನರ್ರಂತೂ ಇನ್ನೊಂದು ಸಲ ಹಾಕಿಸ್ಕೊಂಡ್ರು."

ನಮ್ಮ ಜನ ಹಾಗೆಯೇ. ಊಟ ಹಾಕಿದವರ ಮುಖದ ಮೇಲೆ ಚೆನ್ನಾಗಿಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಬೀದಿ ಊಟದಲ್ಲಿ ಹೇಳಬೇಕೆಂದು ಕಟ್ಟುಪಾಡು ಮಾಡಿಕೊಂಡದ್ದೇ ಅದಕ್ಕಾಗಿ. ಅಲ್ಲಿಯೂ ಹೇಳದಿದ್ದರೆ ಏನು ಮಾಡುವುದು? ನನಗೆ ಆ ಓನರ್ರನ್ನು ಹಿಡಿದು ಎರಡು ಬಿಗಿಯಬೇಕೆನ್ನಿಸಿತು.

"ಬೇಜಾರಾಗಿದೆಯೇನೋ?" ಎಂದೆ.

"ಬೇಜಾರು ಅಂತಾನೂ ಅಲ್ಲ. ಏನೂ ಇಲ್ಲ. ನಿದ್ದೆ ಬರಲ್ಲ. ಜೆರಾಕ್ಸ್ ಮಿಷನ್ ಬೆಳಕು ಈ ಕಡೆಯಿಂದ ಆ ಕಡೆ ಹೋಗತ್ತಲ್ಲ, ಅದನ್ನೇ ನೋಡ್ತಾ ನಿಂತ್ಬಿಡ್ತೀನಿ. ಗಿರಾಕಿಗಳು ಮೂರು ಸಲ ಕರೆದ್ರೆ ಒಂದು ಸಲ ಕೇಳತ್ತೆ."

"ನಡಿ, ಡಾಕ್ಟರಮ್ಮನ ಹತ್ರ ಹೋಗಿ ಬರೋಣ. ಎರಡನೇ ನಾಲಿಗೆ ಬೇಕು ಅಂತ ಅವರೇನೂ ಕೇಳಲ್ಲ."

ಅವನು ಬೇಡವೆಂದು ತಲೆಯಾಡಿಸಿದ. "ಅಲ್ಲಿ ಹೋದ್ರೆ ಊರಿಗೆಲ್ಲ ಗೊತ್ತಾಗತ್ತೆ. ಅಕ್ಕನ ಮದುವೆ ಆಗ್ಲಿ ಚಂಪಕ್ಕ. ಆಮೇಲೆ ಬರ್ತೀನಿ."

ಆಮೇಲೆ. ನಮ್ಮೂರಿನಲ್ಲಿ ಬೀದಿ ಊಟ ಶುರುವಾಗುವ ಮುಂಚಿನ ಕಾಲವನ್ನು ನಾನು ಕಂಡಿದ್ದೇನೆ. ಪರೀಕ್ಷೆ ಮುಗಿಯಲಿ ಆಮೇಲೆ, ಸುಗ್ಗಿ ಆಗಲಿ ಆಮೇಲೆ, ನೆಂಟರು ಹೋಗಲಿ ಆಮೇಲೆ ಎಂದವರ ಮನೆಗಳ ಮುಂದೆ ಜನ ಗುಂಪುಗೂಡಿದ್ದನ್ನೂ ಕಂಡಿದ್ದೇನೆ. ಆ ಮಕ್ಕಳ ಹೆಸರುಗಳನ್ನು ಇಲ್ಲಿ ಹೇಳಿ ಯಾರ ಹೊಟ್ಟೆ ಉರಿಸಲಿ? ಇವನಿಗೆ ಮಾತ್ರ ಇಷ್ಟೇ ಹೇಳಿದೆ: "ನಾನು ನಿನಗೆ ಜೊತೆ ಅಂತ ಯಾರೂ ಹೇಳಿಲ್ಲ. ಆದ್ರೆ ಗಿರಣಿ ಬೆಂಚಿನ ಮೇಲೆ ಕೂರಬಾರದು ಅಂತ್ಲೂ ಯಾರೂ ಹೇಳಿಲ್ಲ. ನಾಳೆನೂ ಬಾ. ಖಾಲಿ ಕೈಲಿ ಬಾ, ಹಿಟ್ಟು ತರಬೇಡ."

ಅವನು ಬಂದ. ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ. ಅಂಗಡಿಗೆ ಹೋಗುವ ಮುಂಚೆ ಒಂದು ಗಳಿಗೆ ಕೂತು ಹೋಗುವನು. ನನಗೋ ದಿನವೂ ಅವನು ಬರುವುದು ಸ್ವಲ್ಪ ತಡವಾದರೆ ಸಾಕು, ಬಾಗಿಲ ಕಡೆಯೇ ಕಣ್ಣು. ಜೊತೆ ಬೇಡ ಬೇಡವೆಂದವಳು ಯಾರೂ ಕರೆಯದೆಯೇ ಕುತ್ತಿಗೆ ಕೊಟ್ಟಿದ್ದೆ. ಕೂತು ಕೇಳುವುದು ನನಗೆ ಬರುತ್ತದೆ, ನಿಜ. ಆದರೆ ಬರಿಯ ಬೆಂಚು ಔಷಧಿಯಾಗುವುದಿಲ್ಲ. ಅವನ ಕಣ್ಣ ಕೆಳಗಿನ ಕಪ್ಪು ದಿನದಿನಕ್ಕೂ ಹೆಚ್ಚುತ್ತಲೇ ಇತ್ತು.

ಕೊನೆಗೆ ತಡೆಯಲಾರದೆ ಅಂಬುಜಾಕ್ಷಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ, "ಏನೂ ಹೇಳ್ಬೇಡಿ ಚಂಪಕ್ಕ" ಎಂದಳು.

"ನಿನಗೆ ಗೊತ್ತಿದೆ ತಾನೇ?"

"ಹೆತ್ತೋಳು ನಾನು. ನನಗೆ ಗೊತ್ತಾಗದೆ ನಿಮಗೆ ಗೊತ್ತಾಗತ್ತಾ?" ಅವಳ ಕೈ ಮೆಣಸಿನಕಾಯಿಯನ್ನು ಸುಮ್ಮನೆ ಆಚೆ ಈಚೆ ತಳ್ಳುತ್ತಿತ್ತು. "ತುಂಗಾಗೆ ಇಪ್ಪತ್ತೊಂಬತ್ತು. ಎಷ್ಟು ಸಂಬಂಧ ಬಂದು ವಾಪಸ್ ಹೋದ್ವು ಅಂತ ನಿಮಗೇ ಗೊತ್ತು. ತಮ್ಮ ಸಪ್ಪೆ ಅಂತ ಒಂದು ಮಾತು ಆ ಕಡೆ ಬಿದ್ರೆ ಮುಗೀತು. ವಂಶದಲ್ಲೇ ಇದೆ ಅಂತಾರೆ. ಇದೊಂದು ಆಗ್ಲಿ. ಆದ ಮಾರನೇ ದಿನ ನಾನೇ ಕರ್ಕೊಂಡು ಹೋಗಿ ಆಸ್ಪತ್ರೇಲಿ ಬಿಡ್ತೀನಿ."

"ಮದುವೆ ಆಗೋಕೆ ಇನ್ನೂ ಎಷ್ಟು ತಿಂಗಳೇ? ಅಷ್ಟರಲ್ಲಿ..."

"ಅಷ್ಟರಲ್ಲಿ ಏನೂ ಆಗಲ್ಲ!" ಎಂದು ಕೂಗಿದಳು. ಆಮೇಲೆ ದನಿ ತಗ್ಗಿಸಿ, "ನಿಮಗೂ ಎರಡು ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು, ಒಬ್ಬರನ್ನ ಉಳಿಸ್ಕೊಳ್ಳೋಕೆ ಹೋದ್ರೆ ಇನ್ನೊಬ್ಬರು ಹೋಗ್ತಾರೆ ಅಂತ" ಎಂದಳು.

ಮಕ್ಕಳಿಲ್ಲದವಳಿಗೆ ಆ ಮಾತು ಎಲ್ಲಿ ನಾಟುತ್ತದೆಂದು ಅವಳಿಗೆ ಗೊತ್ತಿತ್ತು. ನಾಟಿತು ಕೂಡ. ಮಂಡಿ ಹಿಡಿದುಕೊಂಡು ಮನೆಗೆ ಬಂದು ಮಲಗಿದೆ, ಆ ದಿನ ಗಿರಣಿ ತೆಗೆಯಲಿಲ್ಲ. ಸಾಕಪ್ಪಾ ಸಾಕು ಎನ್ನಿಸಿತ್ತು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ವಾಗೀಶ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. "ನಿನ್ನೆ ಮುಚ್ಚಿತ್ತು" ಎಂದ, ಅಷ್ಟೇ. ಬೈಯುತ್ತಲೇ ಮಿಷನ್ ಚಾಲೂ ಮಾಡಿದೆ.

ಅದೇ ವಾರ ತುಂಗಾ ಖಾರದ ಪುಡಿ ಮಾಡಿಸಲು ಬಂದಳು. ಗಂಡಿನ ಕಡೆಯವರು ಭಾನುವಾರ ಊಟಕ್ಕೆ ಬಂದು ಮಾತು ಮುಗಿಸುವವರಿದ್ದರು. ನಮ್ಮಲ್ಲಿ ಹೆಣ್ಣಿನ ಮನೆಯ ಮಾತೂಟಕ್ಕೆ ಆ ಮನೆಯ ಹರೆಯದವರೇ ಸಾರು ಬಡಿಸಬೇಕು. ಬೀಗರು ಬರುವುದೇ ಅದನ್ನು ಉಂಡು ನೋಡಲು. ಅಂಬುಜಾಕ್ಷಿ ಹೊಸ ಮಿಡಿಯ ಜಾಡಿ ತೆಗೆದಿಟ್ಟಿದ್ದಾಳೆಂದು ಬೀದಿಯಲ್ಲಿ ಆಗಲೇ ಸುದ್ದಿಯಾಗಿತ್ತು.

"ನಿನ್ನ ತಮ್ಮ..." ಎಂದು ಶುರು ಮಾಡಿದೆ.

"ಗೊತ್ತು ಚಂಪಕ್ಕ. ಒಂದೇ ಮನೇಲಿ ಉಣ್ಣೋರು, ನನಗೆ ಗೊತ್ತಾಗಲ್ವಾ?" ತುಂಗಾ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು, ಖಾರಕ್ಕೋ ಅಳುವಿಗೋ ತಿಳಿಯಲಿಲ್ಲ. "ಅಮ್ಮ ಕಾಲು ಹಿಡ್ಕೊಂಡಿದಾಳೆ, ಮದುವೆವರೆಗೂ ಸುಮ್ನಿರು ಅಂತ. ಅವನೂ ಅದನ್ನೇ ಹೇಳ್ತಾನೆ. ನನಗೂ ಈ ಹುಡುಗ ಇಷ್ಟ ಆಗಿದಾನೆ ಚಂಪಕ್ಕ. ಇಷ್ಟ ಆಗಿದಾನೆ ಅನ್ನೋದು ತಪ್ಪಾ?"

"ತಪ್ಪಲ್ಲ ಕಣಮ್ಮ. ಯಾಕೆ ತಪ್ಪಾಗತ್ತೆ?" ಎಂದೆ. ಬೇರೆ ಏನನ್ನೂ ಹೇಳಲು ನನಗೆ ಮನಸ್ಸು ಬರಲಿಲ್ಲ. ಪುಡಿ ಕಟ್ಟಿಕೊಟ್ಟೆ. ಹೊರಡುವಾಗ ಅವಳು ಬೆಂಚಿನ ಮೇಲೆ ಕೈಯಾಡಿಸಿ, "ಇಲ್ಲೇನಾ ಅವನು ಬಂದು ಕೂರೋದು?" ಎಂದು ಕೇಳಿ, ಹೌದೆಂದ ಮೇಲೆ ಹೋದಳು.

ಶನಿವಾರ ಅಂಬುಜಾಕ್ಷಿಯೇ ಊಟಕ್ಕೆ ಕರೆಯಲು ಬಂದಳು. ನಾನು ಊಟಕ್ಕೆ ಹೋಗದಿದ್ದರೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಏಳುತ್ತದೆ, ಹೋದರೆ ಬಾಯಿ ಬಿಡುತ್ತೇನೆಂಬ ಭಯ. ಅವಳ ಪಾಲಿಗೆ ನಾನು ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. "ಬಂದು ಸುಮ್ನೆ ಊಟ ಮಾಡಿ ಹೋಗಿ ಚಂಪಕ್ಕ, ನಿಮ್ಮ ದಮ್ಮಯ್ಯ" ಎಂದಳು.

"ನಾನು ಹೇಳೋದು ಆಗ್ಲೇ ಹೇಳಿ ಆಗಿದೆ. ಒಬ್ಬಳೇ ಎರಡು ಸಲ ಹೇಳಿದ್ರೆ ಎರಡು ನಾಲಿಗೆ ಆಗತ್ತೇನೇ? ಹೆದರ್ಕೋಬೇಡ, ಬರ್ತೀನಿ" ಎಂದೆ. ಹೇಳುವಾಗ ನನ್ನ ಮೇಲೆಯೇ ಸಿಟ್ಟು ಬಂದಿತ್ತು.

ಭಾನುವಾರ ಮಧ್ಯಾಹ್ನ ಅವರ ನಡುಮನೆಯಲ್ಲಿ ಪಂಕ್ತಿ ಹಾಕಿದರು. ಗಂಡಿನ ತಾಯಿ, ಸೋದರಮಾವ, ಹುಡುಗ, ಬೀದಿಯ ನಾವು ನಾಲ್ಕು ಜನ. ಕೊನೆಯ ಎಲೆಗೆ ತುಂಗಾ. ಮಾತೂಟದಲ್ಲಿ ಹುಡುಗಿಯನ್ನೂ ಕೂರಿಸುವುದು ರೂಢಿ. ಅಂಬುಜಾಕ್ಷಿ ಒಂದೊಂದು ಎಲೆಗೂ ಎರಡೆರಡು ಸಲ ಮಿಡಿ ಬಡಿಸಿದಳು. ಗಂಡಿನ ತಾಯಿ "ಏನು ಕೈರುಚಿ ರೀ ನಿಮ್ಮದು!" ಎಂದು ಚಪ್ಪರಿಸಿದರು. ಆಮೇಲೆ ವಾಗೀಶ ಬಕೀಟು ತಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಕಾಲರ್ ಒಳಗೆ ಕತ್ತು ಸಣ್ಣಗೆ ಕಾಣುತ್ತಿತ್ತು. ಬಗ್ಗುವುದು, ಬಡಿಸುವುದು, ಏಳುವುದು, ಮುಂದಕ್ಕೆ ಹೋಗುವುದು. ಯಾರ ಮುಖವನ್ನೂ ನೋಡಲಿಲ್ಲ.

ಗಂಡಿನ ಸೋದರಮಾವನಿಗೆ ಹಲ್ಲಿನ ತೊಂದರೆಯಂತೆ, ಉಪ್ಪಿನಕಾಯಿಯನ್ನು ಮುಟ್ಟಿರಲಿಲ್ಲ. ಅವರು ಒಂದು ತುತ್ತು ಸಾರನ್ನ ಬಾಯಿಗಿಟ್ಟರು, ಅಗಿಯುವುದನ್ನು ನಿಲ್ಲಿಸಿದರು, ಎಲೆಯನ್ನು ನೋಡಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಹೇಳಪ್ಪಾ ಪುಣ್ಯಾತ್ಮ, ಹೇಳು ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವರು ತುತ್ತು ನುಂಗಿ, ನೀರು ಕುಡಿದು, "ಸಾರು ಚೆನ್ನಾಗಿದೆ" ಎಂದರು.

ವಾಗೀಶ ಕೊನೆಯ ಎಲೆಗೆ ಬಂದ. ಅಕ್ಕನಿಗೆ ಬಡಿಸಿದ. ತುಂಗಾ ಮಿಡಿಯನ್ನು ಬದಿಗೆ ಸರಿಸಿ, ಕಲಸಿ ಬಾಯಿಗಿಟ್ಟಳು. ಇನ್ನೊಂದು ತುತ್ತು ಉಂಡಳು. ತಲೆಯೆತ್ತಿ ತಮ್ಮನನ್ನು ನೋಡಿದಳು. ಅವನು ತಲೆ ತಗ್ಗಿಸಿಕೊಂಡು ಹಿಂತಿರುಗಲು ಹೊರಟಿದ್ದ.

"ಉಪ್ಪು ಸಾಲದು" ಎಂದಳು ತುಂಗಾ.

"ತುಂಗಾ!" ಅಂಬುಜಾಕ್ಷಿ ಜಾಡಿಯ ಹತ್ತಿರ ನಿಂತಲ್ಲಿಂದಲೇ ಕಿರುಚಿದಳು.

"ಉಪ್ಪು ಸಾಲದು ಅಮ್ಮ. ಅವತ್ತು ಚಂಪಕ್ಕ ಹೇಳಿದ್ದು ಒಂದು, ಇವತ್ತು ನನ್ನದು ಎರಡು." ಅವಳ ಕೈ ಎಲೆಯ ಮೇಲಿತ್ತು. ಹುಡುಗನ ಕಡೆ ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲವೇನೋ.

ವಾಗೀಶ ಬಕೀಟನ್ನು ನೆಲದ ಮೇಲಿಟ್ಟ. ಸೌಟನ್ನು ಅದರೊಳಗಿಟ್ಟ. "ಅಬ್ಬಾ" ಎಂದ. ತಲೆಯ ಮೇಲಿಂದ ಮೂಟೆ ಇಳಿಸಿದ ಹಮಾಲಿಯ ಬಾಯಿಂದ ಬರುವಂಥ ಅಬ್ಬಾ. ಆಮೇಲೆ ಅಲ್ಲಿಯೇ, ಅಕ್ಕನ ಎಲೆಯ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ಅಳುತ್ತಾನೆ ಎಂದುಕೊಂಡೆ. ಅಳಲಿಲ್ಲ. ನಾವೆಲ್ಲ ನೋಡುತ್ತಿದ್ದ ಹಾಗೆಯೇ ಅವನ ತಲೆ ಒಂದು ಕಡೆಗೆ ವಾಲಿತು, ಬಾಯಿ ಸ್ವಲ್ಪ ತೆರೆದುಕೊಂಡಿತು. ನಿದ್ದೆ ಹೋಗಿದ್ದ.

ಗಂಡಿನ ಕಡೆಯವರು ಕೈ ತೊಳೆದುಕೊಂಡರು. ಒಳ್ಳೆಯ ಜನ, ಜೋರಾಗಿ ಒಂದು ಮಾತೂ ಆಡಲಿಲ್ಲ. ಮಲಗಿದವನನ್ನು ಬಳಸಿಕೊಂಡು ಹೆಜ್ಜೆ ಸದ್ದಾಗದಂತೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು. ಹುಡುಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ತುಂಗಾಳನ್ನು ನೋಡಿದ, ತಾಯಿ ಕರೆದ ಮೇಲೆ ಹೋದ. "ಹೇಳಿ ಕಳಿಸ್ತೀವಿ" ಎಂದರು ಆ ತಾಯಿ. ಹೇಳಿ ಕಳಿಸುತ್ತೇವೆ ಎಂದವರು ಹೇಳಿ ಕಳಿಸಿದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ಬೀದಿಯವರೂ ಒಬ್ಬೊಬ್ಬರಾಗಿ ಎದ್ದರು. ತುಂಗಾ ಮಾತ್ರ ಏಳದೆ, ತಮ್ಮ ಬಡಿಸಿದ್ದನ್ನು ಒಂದಗುಳೂ ಬಿಡದೆ ಉಂಡಳು. ಕಣ್ಣೀರು ಎಲೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಾನು ಮಂಡಿ ಹಿಡಿದುಕೊಂಡು ಅವನ ಇನ್ನೊಂದು ಪಕ್ಕದಲ್ಲಿ ಕೂತೆ. ಕೂತ ಮೇಲೆ ತಿಳಿಯಿತು, ಇನ್ನು ತಿಂಗಳುಗಟ್ಟಲೆ ಹೀಗೆ ಕೂರುವವಳು ನಾನೇ ಎಂದು. ಎಷ್ಟು ದಣಿದಿದ್ದೆನೆಂದರೆ ಬೈಯಲೂ ಬಾಯಿ ಬರಲಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ, ಆಮೇಲೆ ಮಾತ್ರೆ, ಮಾತು, ಒಳ್ಳೆಯ ದಿನ, ಕೆಟ್ಟ ದಿನ. ವಾಸಿಯಾದ ಮೇಲೆ ಇವನೂ ರಸ್ತೆಯ ಆ ಬದಿಗೆ ದಾಟಿ ಹೋಗುತ್ತಾನೆ. ದಾಟಲಿ.

ಅಂಬುಜಾಕ್ಷಿ ಬಂದು ಮಗನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ, ಅವನಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ, "ತಡ ಮಾಡ್ಬಿಟ್ನಾ ಚಂಪಕ್ಕ?" ಎಂದು ಕೇಳಿದಳು.

"ಮೂಗಿನ ಹತ್ರ ಕೈಯಿಟ್ಟು ನೋಡು" ಎಂದೆ. "ಉಸಿರು ಬೆಚ್ಚಗಿಲ್ವಾ? ತಡ ಎಲ್ಲಿಂದ ಬಂತು."

ಅವಳು ನಿಜವಾಗಿಯೂ ಕೈಯಿಟ್ಟು ನೋಡಿದಳು. ತುಂಬ ಹೊತ್ತು ಆ ಕೈಯನ್ನು ತೆಗೆಯಲೇ ಇಲ್ಲ.